ಕೆಮಿಕಲ್ ಎಂಜಿನಿಯರಿಂಗ್ ತಗೊಂಡ್ರೆ ಇಪ್ಪತ್ತು ವರ್ಷದ ಮೇಲೆ ಏನಾಗಿರ್ತೀವಿ?

ಪ್ರತಿ ವರ್ಷ ಸಿಇಟಿ ರ‍್ಯಾಂಕ್ ಬಂದ ಮೇಲೆ ಹಾಸನದ ನಮ್ಮ ಮನೆಗೆ ಎರಡು ಮೂರು ಕುಟುಂಬದವರಾದರೂ ಬಂದೇ ಬರುತ್ತಾರೆ. ಆಪ್ಷನ್ ಎಂಟ್ರಿಗೆ ಇನ್ನೆರಡು ದಿನ ಇದೆ ಅನ್ನುವಾಗ ಅಪ್ಪ, ಅಮ್ಮ, ಮಗ ಅಥವಾ ಮಗಳು, ಜೊತೆಗೆ ಒಂದು ಪ್ಲಾಸ್ಟಿಕ್ ಫೋಲ್ಡರ್. ಈ ಸಲ ಬಂದವರು ಹಿಂದಿನ ಬೀದಿಯವರು. ಮಗಳಿಗೆ ಒಳ್ಳೆ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವಷ್ಟು ರ‍್ಯಾಂಕ್ ಇಲ್ಲ, ಅದೇ ಕಾಲೇಜಿನಲ್ಲಿ ಕೆಮಿಕಲ್ ಸಿಗುತ್ತದೆ. ಅಪ್ಪ ಕೇಳಿದ್ದು, "ಅಣ್ಣ, ಕೆಮಿಕಲ್ ಓದಿದ್ರೆ ಕೆಲಸ ಸಿಗುತ್ತಾ?" ಅಮ್ಮ ಕೇಳಿದ್ದು, "ಹೊಗೆ, ವಾಸನೆ, ನೈಟ್ ಶಿಫ್ಟು, ಹೆಣ್ಣುಮಗೀಗೆ ಹೆಂಗಣ್ಣ?" ಕಾಫಿ ಮುಗಿಯುವವರೆಗೂ ಸುಮ್ಮನೆ ಕೂತಿದ್ದ ಹುಡುಗಿ ಕೊನೆಗೆ ಕೇಳಿದಳು: "ಅಂಕಲ್, ನೀವು ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ್ರಲ್ಲ, ಬೇಜಾರಾಗ್ಲಿಲ್ವಾ?"

ಮೊದಲ ಎರಡು ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟೆ. ಮೂರನೆಯದಕ್ಕೆ ಆ ಸಂಜೆ ಸರಿಯಾದ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಕೆಲಸ ಏನು ಅನ್ನೋದು ಸ್ಪಷ್ಟವಾಗಬೇಕು, ಯಾಕೆಂದರೆ ತಪ್ಪು ತಿಳುವಳಿಕೆ ಇಲ್ಲಿಂದಲೇ ಶುರುವಾಗುತ್ತದೆ. ಕೆಮಿಕಲ್ ಎಂಜಿನಿಯರ್ ಅಂದರೆ ಬಿಳಿ ಕೋಟು ಹಾಕಿಕೊಂಡು ಲ್ಯಾಬಿನಲ್ಲಿ ಗಾಜಿನ ನಳಿಗೆ ಹಿಡಿದವನಲ್ಲ. ಅದು ಕೆಮಿಸ್ಟ್ ಕೆಲಸ. ಚನ್ನರಾಯಪಟ್ಟಣದ ಕಡೆ ಆಲೆಮನೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕೊಪ್ಪರಿಗೆ ಮುಂದೆ ನಿಂತವನು ಪಾಕವನ್ನು ಸೌಟಿನಲ್ಲಿ ಎತ್ತಿ, ನೂಲಿನಂತೆ ಇಳಿಯೋದನ್ನು ನೋಡಿ, ಹದ ಬಂತು ಅನ್ನುತ್ತಾನೆ. ಒಂದು ನಿಮಿಷ ತಡವಾದರೆ ಬೆಲ್ಲ ಸೀದುಹೋಗುತ್ತದೆ. ಆ ಹದವನ್ನು ತಾಪಮಾನ, ಒತ್ತಡ, ಹರಿವು, ಹೊತ್ತು ಅಂತ ಲೆಕ್ಕಕ್ಕೆ ಇಳಿಸಿ, ಒಂದು ಕೊಪ್ಪರಿಗೆಯಲ್ಲಿ ಆಗುವುದನ್ನು ದಿನಕ್ಕೆ ಸಾವಿರಾರು ಟನ್ ಕಬ್ಬಿಗೆ ಆಗುವಂತೆ ಮಾಡುವುದು ಕೆಮಿಕಲ್ ಎಂಜಿನಿಯರ್ ಕೆಲಸ. ಅದೇ ತಾಲೂಕಿನ ಶ್ರೀನಿವಾಸಪುರದಲ್ಲಿರುವ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ರಸವನ್ನು ಒಂದೇ ಪಾತ್ರೆಯಲ್ಲಿ ಕುದಿಸೋದಿಲ್ಲ. ಸಾಲಾಗಿ ಇವ್ಯಾಪರೇಟರ್‌ಗಳು ಇರುತ್ತವೆ. ಮೊದಲನೆಯದರಿಂದ ಎದ್ದ ಆವಿಯೇ ಎರಡನೆಯದನ್ನು ಕುದಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು. ಮುಂದುಮುಂದಿನ ಪಾತ್ರೆಯಲ್ಲಿ ಒತ್ತಡ ಕಡಿಮೆ ಇರುವುದರಿಂದ ರಸ ಕಡಿಮೆ ಬಿಸಿಗೇ ಕುದಿಯುತ್ತದೆ. ಈ ಉಪಾಯವನ್ನು 1840ರ ದಶಕದಲ್ಲಿ ಅಮೆರಿಕದ ನಾರ್ಬರ್ಟ್ ರಿಲ್ಯೂ ಎಂಬವರು ಸಕ್ಕರೆಗಾಗಿಯೇ ಕಂಡುಹಿಡಿದರು. ಇವತ್ತು ಹಾಲು ಗಟ್ಟಿ ಮಾಡುವಲ್ಲಿ, ಕಾಗದದ ಕಾರ್ಖಾನೆಯಲ್ಲಿ, ಔಷಧಿ ಕಾರ್ಖಾನೆಯ ಕೊಳಚೆ ನೀರು ಇಂಗಿಸುವಲ್ಲಿ ಎಲ್ಲೆಲ್ಲೂ ಅದೇ ಉಪಾಯ.

ನಾನು ಹೇಳಬೇಕಾದ ಮುಖ್ಯ ಮಾತು ಇದರೊಳಗೇ ಇದೆ. ಈ ಓದು ಯಾವ ಒಂದು ಸಾಮಾನಿಗೂ ಅಂಟಿಕೊಂಡಿಲ್ಲ. 1887ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜಾರ್ಜ್ ಡೇವಿಸ್ ಈ ವಿಷಯದ ಮೇಲೆ ಹನ್ನೆರಡು ಉಪನ್ಯಾಸ ಕೊಟ್ಟಾಗಲೂ, 1915ರಲ್ಲಿ ಅಮೆರಿಕದ ಆರ್ಥರ್ ಲಿಟಲ್ 'ಯೂನಿಟ್ ಆಪರೇಷನ್ಸ್' ಅನ್ನುವ ಹೆಸರು ಕೊಟ್ಟಾಗಲೂ ಹೇಳಿದ್ದು ಇದನ್ನೇ. ಸೋಪು, ಸಕ್ಕರೆ, ಸಾರಾಯಿ, ಪೆಟ್ರೋಲು ಬೇರೆ ಬೇರೆ ಇರಬಹುದು, ಆದರೆ ಕುದಿಸೋದು, ಬಟ್ಟಿ ಇಳಿಸೋದು, ಸೋಸೋದು, ಒಣಗಿಸೋದು, ಬೆರೆಸೋದು ಎಲ್ಲ ಕಡೆಯೂ ಒಂದೇ. ಆದ್ದರಿಂದ ಈ ಕ್ಷೇತ್ರದಲ್ಲಿ ಇಪ್ಪತ್ತು ವರ್ಷದ ಭವಿಷ್ಯ ನೋಡುವಾಗ ಯಾವ ಕಂಪನಿ ಸೇರಿದೆ ಅನ್ನುವುದಕ್ಕಿಂತ, ಮೊದಲ ನಾಲ್ಕೈದು ವರ್ಷದಲ್ಲಿ ಇವುಗಳಲ್ಲಿ ಯಾವುದನ್ನು ನಿಜವಾಗಿ ಕೈಯಿಂದ ಮಾಡಿ ಕಲಿತೆ ಅನ್ನುವುದು ಹೆಚ್ಚು ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ. ಇರಾನಿಗೆ ಅದಿರು ಕಳಿಸಬೇಕು ಅಂತ 1976ರಲ್ಲಿ ಕಂಪನಿ ಶುರುವಾಯಿತು, ಅಲ್ಲಿ ಕ್ರಾಂತಿಯಾಗಿ ಇರಾನ್ ಹಿಂದೆ ಸರಿಯಿತು, ಆದರೂ ಇಲ್ಲಿ ಕೆಲಸ ನಿಲ್ಲಲಿಲ್ಲ. ಕಬ್ಬಿಣದ ಅಂಶ ಕಡಿಮೆಯಿದ್ದ ಅದಿರನ್ನು ಅರೆದು, ಅಯಸ್ಕಾಂತದಿಂದ ಬೇರೆ ಮಾಡಿ, ನೀರಿನ ಜೊತೆ ಗಂಜಿಯಂತೆ ಬೆರೆಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಶಾಲೆ, ಆಸ್ಪತ್ರೆ, ಸಾಲು ಸಾಲು ಕ್ವಾರ್ಟರ್ಸ್ ಇದ್ದ ಊರು. ಕಾಡು ಉಳಿಸಬೇಕೆಂಬ ಹೋರಾಟ ನಡೆದು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ, ನನಗೆ ಆ ಬಗ್ಗೆ ಅನುಮಾನವಿಲ್ಲ. ಆದರೆ ಅಲ್ಲಿ ದುಡಿಯುತ್ತಿದ್ದವರ ಕೆಲಸಕ್ಕೆ ದಿನಾಂಕ ಹಾಕಿ ಮುಗಿಸಿದಂತಾಯಿತು.

ಅಲ್ಲಿ ಥಿಕನರ್, ಫಿಲ್ಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಒಬ್ಬರು ನನಗೆ ಪರಿಚಯ. ನೀರಿನಲ್ಲಿ ತೇಲುವ ಅದಿರಿನ ಪುಡಿಯನ್ನು ಕೆಳಗೆ ಕೂರಿಸಿ ಮೇಲಿನ ತಿಳಿನೀರನ್ನು ವಾಪಸ್ ತರುವುದು ಅವರ ಕೆಲಸವಾಗಿತ್ತು. ಕೆಲಸ ಹೋದ ಮೇಲೆ ಅವರು ಕೊಳಚೆ ನೀರು ಶುದ್ಧ ಮಾಡುವ ಕಡೆ ಹೋದರು. ಕೂರಿಸಬೇಕಾದ್ದು ಅದಿರಾದರೇನು, ಬಟ್ಟೆಗೆ ಬಣ್ಣ ಹಾಕಿದ ನೀರಿನ ಕೆಸರಾದರೇನು? ಸೂತ್ರ ಒಂದೇ, 1851ರಲ್ಲಿ ಸ್ಟೋಕ್ಸ್ ಬರೆದಿಟ್ಟದ್ದು. ಅವರು ಎರಡು ವರ್ಷದಲ್ಲಿ ಮತ್ತೆ ನೆಲೆ ನಿಂತರು. ಆದರೆ ಇಂಥದ್ದೇ ದೊಡ್ಡ ಕಾರ್ಖಾನೆಗಳಲ್ಲಿ ಹದಿನೈದು ವರ್ಷ ಬರೀ ರಿಟರ್ನ್ಸ್ ತುಂಬಿಸಿ, ಇಂಡೆಂಟ್ ಬರೆದು, ಫೈಲ್ ದಾಟಿಸಿ ಬದುಕಿದವರನ್ನೂ ಕಂಡಿದ್ದೇನೆ. ಡಿಗ್ರಿ ಅದೇ. ಕಾರ್ಖಾನೆ ಮುಚ್ಚಿದಾಗ ಅವರಿಗೆ ತೋರಿಸಲು ಹುದ್ದೆಯ ಹೆಸರು ಇತ್ತು, ಕೆಲಸ ಇರಲಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತಾಗಲೂ ಮನೆಮನೆಯಲ್ಲಿ ಇದೇ ಕಥೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಅವರಲ್ಲಿ ಬಹಳ ಜನ ಆ ಮೇಜಿಗೆ ತಾವಾಗಿ ಹೋಗಿ ಕೂತವರಲ್ಲ, ಯಾರೋ ಕೂರಿಸಿದವರು.

ಸಂಬಳದ ಮಾತಿಗೆ ಬರೋಣ. ಶುರುವಿನಲ್ಲಿ ಕಡಿಮೆ, ಮುಚ್ಚಿಡುವುದು ಬೇಡ. ನಾನು ಕಂಡ ಮಟ್ಟಿಗೆ ಖಾಸಗಿ ಔಷಧಿ ಕಾರ್ಖಾನೆಗಳಲ್ಲಿ ಹೊಸ ಎಂಜಿನಿಯರ್‌ಗೆ ವರ್ಷಕ್ಕೆ 3ರಿಂದ 4 ಲಕ್ಷದ ಆಸುಪಾಸು ಕೊಡುತ್ತಾರೆ, ಸಣ್ಣ ಕಡೆ ಅದಕ್ಕಿಂತ ಕಡಿಮೆ. ಆದರೆ ಬೆಂಗಳೂರಿನಲ್ಲಿ ಸಾವಿರಗಟ್ಟಲೆ ಹುಡುಗರನ್ನು ಒಟ್ಟಿಗೆ ತೆಗೆದುಕೊಳ್ಳುವ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳ ಆರಂಭದ ಸಂಬಳವೂ ಎಷ್ಟೋ ವರ್ಷದಿಂದ ಮೂರೂವರೆ ಲಕ್ಷದ ಹತ್ತಿರವೇ ನಿಂತಿದೆ ಅನ್ನುವುದನ್ನು ಅಪ್ಪಂದಿರು ಮರೆಯುತ್ತಾರೆ. ಹೋಲಿಸುವಾಗ ಪಕ್ಕದ ಮನೆಯ ಅತಿ ಜಾಣ ಹುಡುಗನ ಇಪ್ಪತ್ತು ಲಕ್ಷವನ್ನೇ ಹೋಲಿಸುತ್ತಾರೆ. ಇನ್ನೊಂದು ದಾರಿ ಸರ್ಕಾರಿ ತೈಲ ಕಂಪನಿಗಳು. ಇಂಡಿಯನ್ ಆಯಿಲ್, ಎಚ್‌ಪಿಸಿಎಲ್, ಬಿಪಿಸಿಎಲ್, ಒಎನ್‌ಜಿಸಿ, ಗೇಲ್‌ನಂಥವು ಗೇಟ್ ಅನ್ನುವ ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪರೀಕ್ಷೆಯ ಅಂಕ ನೋಡಿ ಅಥವಾ ತಮ್ಮದೇ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತವೆ. 2017ರ ವೇತನ ಪರಿಷ್ಕರಣೆಯಲ್ಲಿ ಇ-2 ಅನ್ನುವ ಅಧಿಕಾರಿ ಶ್ರೇಣಿಯ ಮೂಲ ವೇತನ ತಿಂಗಳಿಗೆ 50,000ದಿಂದ 1,60,000 ಅಂತ ಆಯಿತು. ಡಿಎ, ಮನೆ, ಆಸ್ಪತ್ರೆ ಖರ್ಚು ಬೇರೆ. ಸಂತೋಷವೇ, ಆದರೆ ಸೀಟು ಬಹಳ ಕಡಿಮೆ. ಅದನ್ನೊಂದೇ ನಂಬಿ ಮೂರು ನಾಲ್ಕು ವರ್ಷ ಮನೆಯಲ್ಲಿ ಕೂತು ಗೇಟ್ ಬರೆದ ಹುಡುಗರಿದ್ದಾರೆ. ಒಂದು ಸಲ, ಹೆಚ್ಚೆಂದರೆ ಎರಡು ಸಲ ಬರೆಯಿರಿ, ಅಷ್ಟರಲ್ಲಿ ಎಲ್ಲಾದರೂ ಪ್ಲಾಂಟಿನೊಳಗೆ ಕಾಲಿಡಿ ಅಂತಲೇ ನಾನು ಹೇಳುವುದು.

ಏಳೆಂಟು ವರ್ಷ ಕಳೆದ ಮೇಲೆ ಚಿತ್ರ ಬೇರೆಯಾಗುತ್ತದೆ. ಮೊದಲ ಮೂರು ವರ್ಷ ಶಿಫ್ಟ್. ಆಮೇಲೆ ಪ್ರೋಸೆಸ್ ಎಂಜಿನಿಯರ್ ಅಂತಲೋ, ಟೆಕ್ನಿಕಲ್ ಸರ್ವೀಸಸ್ ಅಂತಲೋ, ಹೊಸ ಪ್ಲಾಂಟ್ ಕಟ್ಟುವ ಪ್ರಾಜೆಕ್ಟ್ ಕಡೆಗೋ ಹೋಗುತ್ತಾರೆ. ಹತ್ತು ವರ್ಷದ ಹೊತ್ತಿಗೆ ಕವಲು ಒಡೆಯುತ್ತದೆ. ಒಬ್ಬರು ಪ್ರೊಡಕ್ಷನ್ ಹಿಡಿದು ಮ್ಯಾನೇಜರ್ ಆಗುತ್ತಾರೆ, ಒಬ್ಬರು ಸೇಫ್ಟಿಗೆ, ಒಬ್ಬರು ನೀರು ಮತ್ತು ಪರಿಸರಕ್ಕೆ, ಒಬ್ಬರು ಬೆಂಗಳೂರು, ಮುಂಬೈ, ವಡೋದರಾದ ಡಿಸೈನ್ ಆಫೀಸಿಗೆ. ಹೊಸ ಹುಡುಗರು ಬೇಕಾದಷ್ಟು ಸಿಗುತ್ತಾರೆ, ಆದರೆ ಬಟ್ಟಿ ಇಳಿಸುವ ಒಂದು ಡಿಸ್ಟಿಲೇಶನ್ ಕಾಲಮ್ ಯಾಕೆ ಮೊಂಡು ಹಿಡಿದಿದೆ ಅಂತ ನೋಡಿ ಹೇಳಬಲ್ಲ ಹನ್ನೆರಡು ವರ್ಷದ ಅನುಭವಸ್ಥರು ಎಲ್ಲ ಕಡೆ ಕಡಿಮೆ. ಅದಕ್ಕೇ ಇಲ್ಲಿ ನಲವತ್ತು ದಾಟಿದವರಿಗೆ ಬೆಲೆ ಇಳಿಯೋದಿಲ್ಲ. ಸಾಫ್ಟ್‌ವೇರ್‌ನ ಎಷ್ಟೋ ಗೆಳೆಯರು ನಲವತ್ತೈದಕ್ಕೆ ಭಯ ಪಡುವುದನ್ನು ನೋಡಿದಾಗ ನನಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇನ್ನು ಆ ಹುಡುಗಿಯ ಪ್ರಶ್ನೆ. ಬೇಜಾರಾಗಲಿಲ್ವಾ?

ನನ್ನ ಮೊದಲ ಕೆಲಸ ಉತ್ತರ ಕರ್ನಾಟಕದ ಕಡೆ ಒಂದು ಔಷಧಿ ಕಚ್ಚಾವಸ್ತು ಕಾರ್ಖಾನೆಯಲ್ಲಿ. ಸೇರಿ ಐದು ತಿಂಗಳಾಗಿತ್ತು, ರಾತ್ರಿ ಪಾಳಿ. ಒಂದು ರಿಯಾಕ್ಟರ್‌ನಲ್ಲಿ ಬಿಸಿ ಹುಟ್ಟಿಸುವ ರಾಸಾಯನಿಕ ಕ್ರಿಯೆ ನಡೆಯುತ್ತಿತ್ತು. ಮೇಲಿನ ಟ್ಯಾಂಕಿನಿಂದ ಎರಡನೇ ದ್ರವವನ್ನು ಸಣ್ಣಗೆ ಬಿಡುತ್ತಾ ಹೋಗಬೇಕು, ಹೊರಗಿನ ಜಾಕೆಟ್‌ನಲ್ಲಿ ತಣ್ಣೀರು ಹರಿಯುತ್ತಾ ಬಿಸಿಯನ್ನು ಎಳೆದುಕೊಳ್ಳಬೇಕು. ಎರಡೂವರೆ ಹೊತ್ತಿಗೆ ತಾಪಮಾನ ಒಂದೊಂದೇ ಡಿಗ್ರಿ ಏರತೊಡಗಿತು. ನಾನು ಗೇಜ್ ನೋಡಿದೆ. ತಣ್ಣೀರಿನ ಒತ್ತಡ ಸರಿಯಾಗಿಯೇ ಇತ್ತು. ಲಾಗ್‌ಬುಕ್‌ನಲ್ಲಿ ಸರಿ ಇದೆ ಅಂತ ಬರೆದೂ ಬಿಟ್ಟೆ. ಪಕ್ಕದಲ್ಲಿದ್ದ ಹಿರಿಯ ಆಪರೇಟರ್ ಜಾಕೆಟ್‌ನಿಂದ ನೀರು ಹೊರಬರುವ ಪೈಪಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಸರ್, ಮೀಟರ್ ನೋಡಬ್ಯಾಡ್ರಿ, ಪೈಪ್ ಮುಟ್ಟಿ ನೋಡ್ರಿ" ಅಂದರು. ಮುಟ್ಟಿದೆ. ಬಿಸಿ ಹೊತ್ತು ತರಬೇಕಾದ ನೀರು, ಪೈಪ್ ಬೆಚ್ಚಗೆ ಇರಬೇಕಿತ್ತು, ಒಳಗೆ ಹರಿಯುವ ನಡುಕ ಕೈಗೆ ತಿಳಿಯಬೇಕಿತ್ತು. ಎರಡೂ ಇಲ್ಲ. ಪೈಪು ಸತ್ತಂತೆ ಬಿದ್ದಿತ್ತು. ಒತ್ತಡ ಇತ್ತು, ಹರಿವು ಇರಲಿಲ್ಲ. ಗೇಜ್‌ನಿಂದ ಮುಂದಕ್ಕೆ ಸ್ಟ್ರೈನರ್, ಅಂದರೆ ನೀರಿನ ಕಸ ತಡೆಯುವ ಜಾಲರಿ, ಕಟ್ಟಿಕೊಂಡಿತ್ತು. ಅವರು ಮೊದಲು ಮಾಡಿದ್ದು ಮೇಲಿನ ದ್ರವ ನಿಲ್ಲಿಸಿದ್ದು, ಆಮೇಲೆ ಬೈಪಾಸ್ ತೆರೆದದ್ದು. ಇಪ್ಪತ್ತು ನಿಮಿಷದಲ್ಲಿ ತಾಪಮಾನ ಇಳಿಯಿತು. ಸ್ಟ್ರೈನರ್ ಬಿಚ್ಚಿದಾಗ ಒಂದು ಬೊಗಸೆ ತುಕ್ಕಿನ ಹಕ್ಕಳೆ ಸಿಕ್ಕಿತು. ಅದನ್ನು ಶುಚಿ ಮಾಡುವ ದಿನ ದಾಟಿ ತಿಂಗಳಾಗಿತ್ತು ಅನ್ನೋದು ಮರುದಿನ ತಿಳಿಯಿತು.

ಆ ರಾತ್ರಿ ನಾನು ಈ ಕೆಲಸ ಬಿಡಬೇಕು ಅಂತಲೂ ಅಂದುಕೊಂಡೆ, ಇದನ್ನು ಪೂರ್ತಿ ಕಲಿಯಬೇಕು ಅಂತಲೂ ಅಂದುಕೊಂಡೆ. ಇಪ್ಪತ್ತೆರಡು ವರ್ಷದ ಉದ್ದಕ್ಕೂ ಈ ಎರಡು ಯೋಚನೆ ಜೊತೆಯಲ್ಲೇ ಇದ್ದವು.

ಯಾಕೆಂದರೆ ಇಲ್ಲಿ ತಪ್ಪಿನ ಬೆಲೆ ದೊಡ್ಡದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಟ್ಯಾಂಕಿಗೆ ನೀರು ಸೇರಿ ಮಿಥೈಲ್ ಐಸೊಸೈನೇಟ್ ಸಿಡಿದು ಹೊರಬಂದಾಗ, ಅದನ್ನು ತಣ್ಣಗಿಡಬೇಕಿದ್ದ ಯಂತ್ರ ಮೊದಲೇ ನಿಂತಿತ್ತು, ಅನಿಲ ಸುಡಬೇಕಿದ್ದ ಫ್ಲೇರ್ ರಿಪೇರಿಯಲ್ಲಿತ್ತು. ಸಾವಿರಾರು ಜನ ಸತ್ತರು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿತು. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಭೋಪಾಲದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಕೆಲಸಗಳ ಬಗ್ಗೆ ಹೊಸ ಅಧ್ಯಾಯ ಸೇರಿತು, ಪ್ರೋಸೆಸ್ ಸೇಫ್ಟಿ ಅನ್ನುವುದೇ ಒಂದು ಉದ್ಯೋಗವಾಗಿ ಬೆಳೆಯಿತು. ಕಾನೂನು ಇದೆ. ಸ್ಟ್ರೈನರ್ ಶುಚಿ ಮಾಡೋಕೆ ಪ್ಲಾಂಟ್ ನಿಲ್ಲಿಸಬೇಕು ಅಂತ ಮ್ಯಾನೇಜರ್ ಮುಂದೆ ನಿಂತು ಹೇಳುವ ಧೈರ್ಯ ಎಂಜಿನಿಯರ್‌ಗೆ ಇರಬೇಕು, ಅದನ್ನು ಕೇಳುವ ಕಿವಿ ಆ ಮ್ಯಾನೇಜರ್‌ಗೆ ಇರಬೇಕು. ನಾನು ಒಟ್ಟು ನಾಲ್ಕು ಕಡೆ ಕೆಲಸ ಮಾಡಿದೆ. ತೃಪ್ತಿ ಇತ್ತೋ ಇಲ್ಲವೋ ಅನ್ನುವುದು ಸಂಬಳದಿಂದ ತೀರ್ಮಾನವಾಗಲಿಲ್ಲ, ನಿಲ್ಲಿಸಿ ಅಂದಾಗ ನಿಲ್ಲಿಸುವವರು ಇದ್ದರಾ ಅನ್ನುವುದರಿಂದ ಆಯಿತು. ಹೀಗೆ ಕೇಳುವ ಜನ ಇದ್ದ ಕಡೆ ಸಂಬಳ ಕಡಿಮೆ ಇದ್ದರೂ ಏಳು ವರ್ಷ ಇದ್ದೆ. ಇನ್ನೊಂದು ಕಡೆ ಹೆಚ್ಚು ಕೊಟ್ಟರೂ ಹದಿನಾಲ್ಕು ತಿಂಗಳಿಗೆ ಬಿಟ್ಟೆ.

ಬೇಜಾರು ಹುಟ್ಟಿಸುವ ಇನ್ನೊಂದು ಸಂಗತಿ ಊರು. ಕಾರ್ಖಾನೆ ನಮ್ಮ ಮನೆ ಹತ್ತಿರ ಬರಲ್ಲ, ನಾವೇ ಅದರ ಹತ್ತಿರ ಹೋಗಬೇಕು. ದಹೇಜ್, ಅಂಕಲೇಶ್ವರ, ವಾಪಿ, ಹೈದರಾಬಾದ್ ಸುತ್ತಮುತ್ತ, ನಮ್ಮಲ್ಲಿ ಬೀದರ್, ರಾಯಚೂರು, ನಂಜನಗೂಡು, ಮಂಗಳೂರಿನ ಪಣಂಬೂರು ಕಡೆ. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ಹತ್ತು, ಹತ್ತರಿಂದ ಆರು, ಹೀಗೆ ಪಾಳಿ ಸುತ್ತುತ್ತದೆ. ಹಬ್ಬದ ದಿನ ಪ್ಲಾಂಟಿಗೆ ರಜೆ ಇಲ್ಲ, ಇದ್ದರೆ ಶಟ್‌ಡೌನ್, ಆಗ ಇನ್ನೂ ಜಾಸ್ತಿ ಕೆಲಸ. ನನ್ನ ಮಗ ಮೊದಲ ಸಲ ನಡೆದದ್ದನ್ನು ನಾನು ನೋಡಲಿಲ್ಲ. ಅಪ್ಪನಿಗೆ ಹುಷಾರಿಲ್ಲದಾಗ ಹಾಸನಕ್ಕೆ ಬಂದು ಸೇರೋಕೆ ಹದಿನಾರು ಗಂಟೆ ಹಿಡಿಯಿತು. ಈ ಮಾತನ್ನು ಬರೆಯದೆ ಬಿಟ್ಟರೆ ಆ ಹುಡುಗಿಗೆ ಮೋಸ ಮಾಡಿದಂತೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅವಳ ಅಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. 1948ರ ಕಾರ್ಖಾನೆ ಕಾಯ್ದೆ ಹೆಂಗಸರನ್ನು ರಾತ್ರಿ 7ರಿಂದ ಬೆಳಿಗ್ಗೆ 6ರವರೆಗೆ ದುಡಿಸುವಂತಿಲ್ಲ ಅಂತ ಹೇಳಿತ್ತು. ರಕ್ಷಣೆಗಾಗಿ ಬರೆದ ಮಾತೇ ಬಾಗಿಲು ಮುಚ್ಚಲು ನೆಪವಾಯಿತು. ಶಿಫ್ಟ್ ಮಾಡದವರಿಗೆ ಪ್ಲಾಂಟ್ ಅನುಭವ ಇಲ್ಲ, ಪ್ಲಾಂಟ್ ಅನುಭವ ಇಲ್ಲದವರಿಗೆ ಮುಂದಿನ ಹುದ್ದೆ ಇಲ್ಲ. ನನ್ನ ಕ್ಲಾಸಿನಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿಯರು ಲ್ಯಾಬ್‌ಗೋ, ಕಾಲೇಜಿನ ಪಾಠಕ್ಕೋ, ಸಾಫ್ಟ್‌ವೇರ್‌ಗೋ ಹೋದರು. ಅವರು ಹೋಗಿದ್ದಕ್ಕೆ ಕಾರ್ಖಾನೆಗಳಿಗೇ ನಷ್ಟವಾಯಿತು ಅಂತ ನಾನು ನಂಬುತ್ತೇನೆ. 2023ರಲ್ಲಿ ಕರ್ನಾಟಕ ತಿದ್ದುಪಡಿ ತಂದು, ರಕ್ಷಣೆ ಮತ್ತು ಓಡಾಟದ ವ್ಯವಸ್ಥೆ ಇರುವ ಕಡೆ ಒಪ್ಪಿದ ಹೆಂಗಸರು ರಾತ್ರಿಯೂ ಕೆಲಸ ಮಾಡಬಹುದು ಅಂತ ಮಾಡಿದೆ. ಕಾಗದದಲ್ಲಿ ಬಾಗಿಲು ತೆರೆಯಿತು. ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸೋ ಕೋಣೆ ಇದೆಯಾ, ರಾತ್ರಿ ಹತ್ತಕ್ಕೆ ಬಿಡುವ ಬಸ್ಸು ಮನೆ ಬಾಗಿಲವರೆಗೆ ಬರುತ್ತಾ ಅಂತ ಸೇರುವ ಮೊದಲು ಕೇಳಿ ತಿಳಿದುಕೊಳ್ಳಬೇಕು, ಇದರಲ್ಲಿ ಸಂಕೋಚ ಬೇಡ.

ಹಾಗಾದರೆ ಊರ ಹತ್ತಿರ ಏನೂ ಇಲ್ವಾ? ಇದೆ. ಜನ ಗಮನಿಸೋದಿಲ್ಲ ಅಷ್ಟೆ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಬೆಂಗಳೂರು ಹತ್ತಿರದ ದೇವನಗೊಂದಿಗೆ ಹೋಗುವ ತೈಲದ ಪೈಪ್‌ಲೈನ್ ಹಾಸನದ ಮೇಲೇ ಹೋಗುತ್ತದೆ. ಒಂದೇ ಪೈಪಿನಲ್ಲಿ ಪೆಟ್ರೋಲ್ ಹಿಂದೆ ಡೀಸೆಲ್, ಡೀಸೆಲ್ ಹಿಂದೆ ಇನ್ನೊಂದು, ನಡುವೆ ಯಾವ ಗೋಡೆಯೂ ಇಲ್ಲದೆ ಒಂದನ್ನೊಂದು ತಳ್ಳುತ್ತಾ ಘಟ್ಟ ಹತ್ತಿ ಬರುತ್ತವೆ. ಎರಡೂ ಬೆರೆತ ತುಂಡು ಯಾವಾಗ ಬಂತು ಅನ್ನುವುದನ್ನು ಸಾಂದ್ರತೆ ನೋಡಿ ಹಿಡಿದು ಬೇರೆ ಟ್ಯಾಂಕಿಗೆ ತಿರುಗಿಸಬೇಕು. ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಹಾಲು ಸೇರಿಸುತ್ತದೆ. ಅಲ್ಲಿ ಯುಎಚ್‌ಟಿ ಹಾಲನ್ನು ಕೆಲವೇ ಸೆಕೆಂಡು ಸುಮಾರು 140 ಡಿಗ್ರಿಗೆ ಕಾಯಿಸಿ, ತಕ್ಷಣ ತಣಿಸಿ, ಗಾಳಿ ಸೋಕದಂತೆ ತುಂಬುತ್ತಾರೆ. ಅದು ಅಪ್ಪಟ ಹೀಟ್ ಟ್ರಾನ್ಸ್‌ಫರ್, ಆದರೆ ಡೇರಿ ಹುದ್ದೆಗಳಲ್ಲಿ ಡೇರಿ ಟೆಕ್ನಾಲಜಿ ಓದಿದವರಿಗೆ ಮೊದಲ ಮಣೆ. ರಾಜ್ಯದ ಕೈಗಾರಿಕಾ ಪ್ರದೇಶ ಮಂಡಳಿ ಕೆಐಎಡಿಬಿಯವರು ಹಾಸನದಲ್ಲೇ ಮಾಡಿದ ಔಷಧಿ ಮತ್ತು ಜವಳಿ ವಿಶೇಷ ಆರ್ಥಿಕ ವಲಯಗಳಿವೆ. ಜವಳಿ ಅಂದರೆ ಹೊಲಿಗೆ ಒಂದೇ ಅಲ್ಲ. ಬಣ್ಣ ಹಾಕುವ ಕಡೆ ನೀರಿನ ಕೆಲಸ ಬೇಕಾದಷ್ಟಿದೆ.

ಕಾಫಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಈಗ ನನ್ನ ಕೆಲಸದ ಅರ್ಧ ಭಾಗ ಅಲ್ಲೇ. ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಹಣ್ಣನ್ನು ಪಲ್ಪ್ ಮಾಡಿದಾಗ, ಅಂದರೆ ಸಿಪ್ಪೆ ಬಿಡಿಸಿದಾಗ, ಬರುವ ನೀರು ಹುಳಿ, ಕಂದು ಬಣ್ಣ, ವಾಸನೆ. ಅದರ ಬಿಓಡಿ, ಅಂದರೆ ಅದರ ಕೊಳೆ ನೀರಿನಿಂದ ಎಳೆದುಕೊಳ್ಳುವ ಆಮ್ಲಜನಕ, ಲೀಟರಿಗೆ ಸಾವಿರಗಟ್ಟಲೆ ಮಿಲಿಗ್ರಾಂ. ಹಳ್ಳಕ್ಕೆ ಬಿಟ್ಟರೆ ಅದು ಹೇಮಾವತಿಗೋ, ಯಗಚಿಗೋ, ಭದ್ರಾಕ್ಕೋ ಸೇರುತ್ತದೆ, ಮೀನು ಉಸಿರುಕಟ್ಟಿ ಸಾಯುತ್ತವೆ. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಮೊದಲು ನಾವು ಮಾಡಿದ್ದು ನೀರು ಶುದ್ಧ ಮಾಡೋದಲ್ಲ, ಕಡಿಮೆ ಬಳಸೋದು. ಪಲ್ಪರ್ ನೀರನ್ನೇ ಸೋಸಿ ಮತ್ತೆ ಅದಕ್ಕೇ ತಿರುಗಿಸಿದೆವು. ಉಳಿದದ್ದಕ್ಕೆ ಸುಣ್ಣ ಹಾಕಿ ಹುಳಿ ಮುರಿದು, ತೊಟ್ಟಿಯಲ್ಲಿ ಕೂರಿಸಿ, ಆಮೇಲೆ ಗಾಳಿ ಊದಿದೆವು. ಅದೇ ತೋಟದ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಪಲ್ಪ್ ಮಾಡಿ ತೊಳೆದ ಕಾಳು, ಒಣಗಿಸುವ ಮೇಸ್ತ್ರಿ ಕಾಳನ್ನು ಹಲ್ಲಲ್ಲಿ ಕಚ್ಚಿ ಸಾಕು, ಎತ್ತಿ ಅಂದರು. ನಾನು ಮೀಟರ್ ಇಟ್ಟೆ. ಹತ್ತೂಕಾಲು ಪರ್ಸೆಂಟ್ ತೇವ ತೋರಿಸಿತು. ಬೇಕಾದ್ದು ಹತ್ತರ ಹತ್ತಿರವೇ. ರಾತ್ರಿ ಪಾಳಿಯ ಆ ಆಪರೇಟರ್ ನೆನಪಾದರು. ಆ ದಿನ ನನಗೆ ಆದ ಖುಷಿಯನ್ನು ಸಂಬಳ ಅಂತ ಲೆಕ್ಕ ಹಾಕೋಕೆ ಬರಲ್ಲ, ಆದರೆ ಹುಡುಗಿ ಕೇಳಿದ್ದು ಅದನ್ನೇ ಅಲ್ವಾ?

ಮುಂದಿನ ಇಪ್ಪತ್ತು ವರ್ಷ ಹೇಗೆ ಅಂದರೆ, ಸಾಮಾನು ಬದಲಾಗುತ್ತದೆ, ಕೆಲಸ ಬದಲಾಗೋದಿಲ್ಲ. ಎಥೆನಾಲ್ ನೋಡಿ. ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು 2022ರಲ್ಲಿ ಶೇಕಡ 10 ಮುಟ್ಟಿತು, 2025ರಲ್ಲಿ ಶೇಕಡ 20. ಮೊದಲು 2030ಕ್ಕೆ ಇಟ್ಟುಕೊಂಡಿದ್ದ ಗುರಿ ಅದು. ಇದರಿಂದ ಸಕ್ಕರೆ ಕಾರ್ಖಾನೆ ಅಂದರೆ ಡಿಸ್ಟಿಲರಿಯೂ ಹೌದು ಅನ್ನುವಂತಾಯಿತು. ಮಾಮೂಲಿ ಬಟ್ಟಿ ಇಳಿಸಿದರೆ ಶೇಕಡ 95ರ ಆಸುಪಾಸಿನಲ್ಲಿ ನಿಲ್ಲುವ ಸ್ಪಿರಿಟ್‌ನ ಉಳಿದ ನೀರು ತೆಗೆಯೋಕೆ ಮಾಲಿಕ್ಯುಲರ್ ಸೀವ್ ಬೇಕು, ಅದನ್ನು ನಡೆಸುವವರು ಬೇಕು. ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ ಕೇಂದ್ರ 19,744 ಕೋಟಿ ರೂಪಾಯಿ ಒಪ್ಪಿತು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಗುರಿ ಪೂರ್ತಿ ಮುಟ್ಟುವುದು ಕಷ್ಟ ಅಂತ ನನ್ನ ಅನಿಸಿಕೆ. ಅರ್ಧ ಮುಟ್ಟಿದರೂ ಕೆಲಸ ಬಹಳ ಇದೆ. ಸೆಮಿಕಂಡಕ್ಟರ್‌ಗೆ 2021ರಲ್ಲಿ 76,000 ಕೋಟಿಯ ಯೋಜನೆ ಬಂತು. ಚಿಪ್ ಮಾಡೋದು ಎಲೆಕ್ಟ್ರಾನಿಕ್ಸ್‌ನವರ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಫ್ಯಾಬ್ ಅನ್ನುವ ಚಿಪ್ ಕಾರ್ಖಾನೆ ಒಳಗೆ ನಡೆಯುವುದರಲ್ಲಿ ಬಹುಪಾಲು ಅನಿಲ ಹಾಯಿಸೋದು, ಪದರ ಕೂರಿಸೋದು, ಆಸಿಡ್‌ನಲ್ಲಿ ತೊಳೆಯೋದು, ಅತಿ ಶುದ್ಧ ನೀರು ಮಾಡೋದು. ಬ್ಯಾಟರಿ ಒಡೆದು ಲಿಥಿಯಂ, ಕೋಬಾಲ್ಟ್ ವಾಪಸ್ ತೆಗೆಯುವುದೂ ಅಷ್ಟೆ. ರಿಫೈನರಿಗಳು ನಾಳೆಯೇ ಮುಚ್ಚಲ್ಲ. ಎಲೆಕ್ಟ್ರಿಕ್ ಗಾಡಿ ಹೆಚ್ಚಿದಂತೆ ಅವು ಪ್ಲಾಸ್ಟಿಕ್, ನೂಲು, ಪೆಯಿಂಟಿನ ಕಚ್ಚಾವಸ್ತುವಿನ ಕಡೆ ಹೊರಳುತ್ತವೆ. ಆಗಲೇ ಹೊರಳುತ್ತಿವೆ.

ಕಂಟ್ರೋಲ್ ರೂಮಿನಲ್ಲಿ ಜನ ಕಡಿಮೆ ಆಗುತ್ತಾರೆ, ಅದು ನಿಜ. ಹತ್ತು ಜನ ಓಡಾಡಿ ನೋಡುತ್ತಿದ್ದುದನ್ನು ಇಬ್ಬರು ಪರದೆ ಮುಂದೆ ಕೂತು ನೋಡುತ್ತಾರೆ. ಪರದೆ ಹೇಳಿದ್ದು ನಿಜವಾ ಅಂತ ಹೋಗಿ ಪೈಪ್ ಮುಟ್ಟಿ ನೋಡಬಲ್ಲವರು ಆ ಇಬ್ಬರಲ್ಲಿ ಒಬ್ಬರಾದರೂ ಇರಬೇಕು.

ಆ ಹುಡುಗಿಗೆ ಕೊನೆಗೆ ಹೇಳಿದ್ದು ಇಷ್ಟು. ತುಮಕೂರಿನ ಸಿದ್ಧಗಂಗಾ, ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ, ಇವುಗಳಲ್ಲಿ ಕೆಮಿಕಲ್ ಇದೆ. ರ‍್ಯಾಂಕ್‌ಗೆ ಯಾವುದು ಸಿಗುತ್ತೋ ನೋಡು, ಆದರೆ ಕಾಲೇಜಿಗೆ ಹೋಗಿ ಅಲ್ಲಿನ ಮೂರನೇ ವರ್ಷದ ಮಕ್ಕಳನ್ನು ಇಂಟರ್ನ್‌ಶಿಪ್‌ಗೆ ಎಲ್ಲಿ ಹೋಗಿದ್ರಿ, ಅಲ್ಲಿ ಏನು ಮಾಡಿದ್ರಿ ಅಂತ ಕೇಳು. ಬರೀ ಸರ್ಟಿಫಿಕೇಟ್ ತಂದೆವು ಅಂದರೆ ನೀನೇ ದಾರಿ ಹುಡುಕಿಕೊಳ್ಳಬೇಕು. ಪ್ಲಾಂಟನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ ನೋಡುವ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಡಿಡಬ್ಲ್ಯುಸಿಮ್ ಅನ್ನೋದು ಉಚಿತ, ಐಐಟಿ ಬಾಂಬೆಯವರ ಫಾಸೀ ತಂಡ ಅದನ್ನು ಕಲಿಸುತ್ತದೆ. ಅದರಲ್ಲಿ ಒಂದು ಕಾಲಮ್ ಕಟ್ಟಿ ನೋಡು. ಅದಕ್ಕೂ ಮೊದಲು, ಕಬ್ಬು ಅರೆಯೋ ಸೀಸನ್ ಶುರುವಾದಾಗ ಅಪ್ಪನ ಜೊತೆ ಶ್ರೀನಿವಾಸಪುರಕ್ಕೆ ಹೋಗಿ, ಇವ್ಯಾಪರೇಟರ್ ಪಕ್ಕ ಅರ್ಧ ಗಂಟೆ ನಿಂತು ಬಾ. ಆ ಬಿಸಿ, ಆ ಸದ್ದು, ಆ ವಾಸನೆ ನಿನಗೆ ಓಡಿಹೋಗು ಅನ್ನುತ್ತಾ, ಇನ್ನೂ ಹತ್ತಿರ ಹೋಗಿ ನೋಡು ಅನ್ನುತ್ತಾ, ನಿನಗೇ ಗೊತ್ತಾಗುತ್ತೆ.

"ಒಳಗೆ ಬಿಡ್ತಾರಾ ಅಂಕಲ್?" ಅಂದಳು.

ಮೊದಲೇ ಕಾಗದ ಕೊಟ್ಟು ಕೇಳಿದರೆ ಬಿಡುತ್ತಾರೆ ಅಂದೆ. ಪತ್ರ ಯಾರ ಹೆಸರಿಗೆ ಬರೆಯಬೇಕು ಅಂತ ಆ ಫೋಲ್ಡರ್ ಹಿಂದೆಯೇ ಬರೆದುಕೊಂಡಳು.